ಚಳಿ ದೇಶದ ಹಿತ್ತಲಲ್ಲಿ ಹಾರ್ಡಿ ಕಿವಿ: ಪಾಲಿಟನಲ್ ಒಳಗೆ ಬಳ್ಳಿ ಬೆಳೆಸುವ ಬಗೆ

ಅಂಗಡಿಯಲ್ಲಿ ಸಿಗುವ ಕಂದು ಸಿಪ್ಪೆಯ, ಮೈತುಂಬಾ ರೋಮ ಇರುವ ಕಿವಿ ಹಣ್ಣು ಎಲ್ಲರಿಗೂ ಗೊತ್ತು. ಅದೇ ಕುಲದ ಇನ್ನೊಂದು ಬಳ್ಳಿ ಹಾರ್ಡಿ ಕಿವಿ. ಕೆಲವು ಕಡೆ ಕಿವಿಬೆರ್ರಿ ಅಂತಲೂ ಮಾರುತ್ತಾರೆ. ಸಸ್ಯಶಾಸ್ತ್ರದ ಹೆಸರು ಆಕ್ಟಿನಿಡಿಯಾ ಆರ್ಗ್ಯೂಟಾ. ಹಣ್ಣು ದೊಡ್ಡ ದ್ರಾಕ್ಷಿಯಷ್ಟು, ಎರಡು ಮೂರು ಸೆಂಟಿಮೀಟರ್ ಉದ್ದ. ಸಿಪ್ಪೆ ನುಣುಪು, ಸುಲಿಯುವ ಕೆಲಸವಿಲ್ಲ. ಚೆನ್ನಾಗಿ ಹಣ್ಣಾದರೆ ದೊಡ್ಡ ಕಿವಿಗಿಂತ ಸಿಹಿ. ಆದರೆ ಇದು ಬೇಗ ಮೆತ್ತಗಾಗುವ ಹಣ್ಣು, ಅಂಗಡಿಗೆ ಬರುವುದು ಕಡಿಮೆ, ಬಂದರೂ ಬೆಲೆ ಜಾಸ್ತಿ. ಹಾಗಾಗಿ ಮನೆಯಲ್ಲೇ, ಪಾಲಿಟನಲ್ ಅಂದರೆ ಕಮಾನು ಪೈಪುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಮುಚ್ಚಿಗೆಯ ಒಳಗೆ, ಬೆಳೆದುಕೊಳ್ಳುವುದಕ್ಕೆ ಅರ್ಥ ಇದೆ.

ಈ ಲೇಖನ ಬ್ರಿಟನ್, ಐರ್ಲೆಂಡ್, ಜರ್ಮನಿ, ಸ್ವೀಡನ್ ಅಥವಾ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿತ್ತಲು ಇಟ್ಟುಕೊಂಡಿರುವ ಕನ್ನಡಿಗರಿಗೆ. ನಾನಿರುವುದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ಕೆಳಗಿನ ತಿಂಗಳುಗಳ ಲೆಕ್ಕವೆಲ್ಲ ಇಲ್ಲಿನದು. ನಿಮ್ಮೂರಿಗೆ ಒಂದೆರಡು ವಾರ ಹಿಂದೆ ಮುಂದೆ ಮಾಡಿಕೊಳ್ಳಿ.

ಕರ್ನಾಟಕದಲ್ಲೇ ಇರುವವರು ದಯವಿಟ್ಟು ಇದಕ್ಕೆ ದುಡ್ಡು ಸುರಿಯಬೇಡಿ. ಎಲೆ ಉದುರಿದ ಮೇಲೆ ಈ ಬಳ್ಳಿಗೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಸಿಗದಿದ್ದರೆ ಮೊಗ್ಗು ಒಡೆಯುವುದೇ ಸರಿಯಾಗಿ ಆಗುವುದಿಲ್ಲ. ಬೆಂಗಳೂರಿನ ಜನವರಿ ರಾತ್ರಿಗಳೇ ಸರಾಸರಿ 15 ಡಿಗ್ರಿ ಆಸುಪಾಸು. ಭಾರತಕ್ಕೆ ದೊಡ್ಡ ಕಿವಿಯ ಗಿಡ ಮೊದಲು ಬಂದದ್ದು ಬೆಂಗಳೂರಿನ ಲಾಲ್‌ಬಾಗಿಗೇ, 1960ರಲ್ಲಿ. ಚಳಿ ಸಾಲದೆ ಅದು ಕಾಯಿ ಬಿಡಲಿಲ್ಲ. 1963ರಲ್ಲಿ ಶಿಮ್ಲಾದ ಫಾಗ್ಲಿಯಲ್ಲಿ ನೆಟ್ಟ ಮೇಲೆಯೇ, 1969ರಲ್ಲಿ, ಫಲ ಕಂಡದ್ದು. ಹಾರ್ಡಿ ಕಿವಿಗೂ ಅದೇ ಕಥೆ. ನರ್ಸರಿಯವರು ಆನ್‌ಲೈನಿನಲ್ಲಿ ಏನೇ ಹೇಳಲಿ, ನಿಮ್ಮ ಟೆರೇಸಿಗೆ ಪ್ಯಾಶನ್ ಫ್ರೂಟ್ ಒಳ್ಳೆಯದು.

ಇಷ್ಟು ಗಟ್ಟಿ ಬಳ್ಳಿಗೆ ಮುಚ್ಚಿಗೆ ಯಾಕೆ?

ಮೊದಲು ಇದು ಅರ್ಥವಾಗಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ತಪ್ಪುತ್ತದೆ. ಈ ಬಳ್ಳಿಯ ತವರು ಜಪಾನ್, ಕೊರಿಯಾ, ಉತ್ತರ ಚೀನಾ, ರಷ್ಯಾದ ಪೂರ್ವ ತುದಿ. ಎಲೆ ಉದುರಿಸಿ ನಿದ್ದೆಗೆ ಹೋದ ಬಲಿತ ಬಳ್ಳಿ ಮೈನಸ್ 25 ಡಿಗ್ರಿ ಚಳಿಯನ್ನೂ ತಡೆಯುತ್ತದೆ. ಚಳಿಗಾಲದಲ್ಲಿ ಅದಕ್ಕೆ ನಿಮ್ಮ ಪಾಲಿಟನಲ್ಲೂ ಬೇಡ, ಹೀಟರೂ ಬೇಡ.

ತೊಂದರೆ ಇರುವುದು ವಸಂತದಲ್ಲಿ. ಚಿಗುರು ಬಂದ ಮೇಲೆ ಮೈನಸ್ 1 ಅಥವಾ 2 ಡಿಗ್ರಿ ಸಾಕು, ಒಂದೇ ರಾತ್ರಿಗೆ ಎಲ್ಲ ಕಪ್ಪಾಗಿ ಜೋತು ಬೀಳುತ್ತದೆ. ಬಳ್ಳಿ ಸಾಯುವುದಿಲ್ಲ, ಪಕ್ಕದ ಮೊಗ್ಗಿನಿಂದ ಮತ್ತೆ ಚಿಗುರುತ್ತದೆ. ಆದರೆ ಆ ಎರಡನೇ ಚಿಗುರಿನಲ್ಲಿ ಹೂವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ವರ್ಷದ ಫಸಲು ಅಲ್ಲಿಗೆ ಹೋಯಿತು. ಇನ್ನೊಂದು ತೊಂದರೆ ಶರತ್ಕಾಲದ್ದು. ಬೇಸಿಗೆ ಚಿಕ್ಕದಾದ ಕಡೆ ಹಣ್ಣು ಮಾಗುವ ಮೊದಲೇ ಅಕ್ಟೋಬರ್ ಚಳಿ ಹಿಡಿಯುತ್ತದೆ. ಮುಚ್ಚಿಗೆ ಈ ಎರಡು ತುದಿಗಳಿಗೆ ಮಾತ್ರ. ಜೊತೆಗೆ ಗಾಳಿಯಿಂದ ರಕ್ಷಣೆ, ಎಳೆ ಚಿಗುರು ಗಾಳಿಗೆ ಬುಡದಿಂದಲೇ ಮುರಿದುಕೊಳ್ಳುತ್ತದೆ.

ಇಲ್ಲೊಂದು ತಿರುವು ಇದೆ. ಹೀಟರ್ ಇಲ್ಲದ ಪಾಲಿಟನಲ್ ಮೋಡವಿಲ್ಲದ ರಾತ್ರಿ ಹೊರಗಿನಷ್ಟೇ ತಣ್ಣಗಾಗುತ್ತದೆ. ಹೆಚ್ಚೆಂದರೆ ಒಂದೆರಡು ಡಿಗ್ರಿ ವ್ಯತ್ಯಾಸ. ಆದರೆ ಹಗಲಲ್ಲಿ ಒಳಗೆ ಚೆನ್ನಾಗಿ ಕಾಯುತ್ತದೆ. ಫೆಬ್ರವರಿಯ ನಾಲ್ಕು ಬಿಸಿಲು ದಿನ ಕಂಡರೆ ಬಳ್ಳಿ ಮೋಸಹೋಗಿ ಬೇಗ ಚಿಗುರುತ್ತದೆ. ಆಮೇಲೆ ಬರುವ ಫ್ರಾಸ್ಟ್‌ಗಳೆಲ್ಲ ಅದರ ತಲೆ ಮೇಲೇ. ಅಂದರೆ ಬಾಗಿಲು ಮುಚ್ಚಿಟ್ಟ ಟನಲ್ ಕೆಲವು ಸಲ ಬಯಲಿಗಿಂತ ಅಪಾಯ. ಹಾಗಾಗಿ ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ಎರಡೂ ಕಡೆಯ ಬಾಗಿಲು ಹಗಲು ರಾತ್ರಿ ತೆಗೆದಿಡಿ. ಬಿರುಗಾಳಿ ಇದ್ದಾಗ ಮಾತ್ರ ಮುಚ್ಚಿ. ಅದೇ ಟನಲ್‌ನಲ್ಲಿ ಟೊಮ್ಯಾಟೊ ಸಸಿಯನ್ನೂ ಬೆಚ್ಚಗಿಡಬೇಕು ಅನ್ನುವವರಿಗೆ ಕಿವಿ ಹೊಂದುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಗಿಡ ಆರಿಸುವುದು

ಕಿವಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೆಣ್ಣೊಂದನ್ನೇ ನೆಟ್ಟರೆ ಹೂವು ನೋಡಿ ಸುಮ್ನಿರಬೇಕಷ್ಟೆ. ಒಂದು ಗಂಡು ಆರೇಳು ಹೆಣ್ಣಿಗೆ ಸಾಕು. ಹೆಣ್ಣು ತಳಿಗಳಲ್ಲಿ ಅನನಾಸ್ನಾಯಾ, ಜಿನೀವಾ, ಕೆಂಪು ಛಾಯೆಯ ಕೆನ್ಸ್ ರೆಡ್, ಜರ್ಮನಿಯ ವೈಕಿ ಸಾಮಾನ್ಯವಾಗಿ ಸಿಗುತ್ತವೆ. ಬೇಸಿಗೆ ತೀರಾ ಚಿಕ್ಕದಾದ ಕಡೆ ಜಿನೀವಾ ನನ್ನ ಆಯ್ಕೆ, ಅದು ಬೇಗ ಮಾಗುವ ತಳಿ.

ಜಾಗ ಕಡಿಮೆ ಇದ್ದರೆ ಜಪಾನಿನ ಇಸ್ಸಾಯ್ ಇದೆ. ಒಂಟಿಯಾಗಿಯೇ ಕಾಯಿ ಬಿಡುತ್ತದೆ, ಬೆಳವಣಿಗೆಯೂ ಮಿತ, ಬೇಗ ಫಲಕ್ಕೆ ಬರುತ್ತದೆ. ಆದರೆ ಚಳಿ ತಡೆಯುವ ಶಕ್ತಿ ಉಳಿದವುಗಳಿಗಿಂತ ಕಡಿಮೆ. ಟನಲ್ ಒಳಗೆ ನೆಡಲು ಅದೇ ಕಾರಣಕ್ಕೆ ಸರಿಹೋಗುತ್ತದೆ ಅನ್ನಿ. ಪಕ್ಕದಲ್ಲಿ ಗಂಡು ಇದ್ದರೆ ಇದರ ಕಾಯಿಯೂ ದಪ್ಪವಾಗುತ್ತದೆ.

ಆಕ್ಟಿನಿಡಿಯಾ ಕೊಲೊಮಿಕ್ಟಾ ಅಂತ ಇನ್ನೊಂದು ಜಾತಿ ಇದೆ. ಎಲೆ ತುದಿ ಬಿಳಿ, ಗುಲಾಬಿ ಬಣ್ಣಕ್ಕೆ ತಿರುಗಿ ಚೆಂದ ಕಾಣುತ್ತದೆ. ಇದು ಇನ್ನೂ ಹೆಚ್ಚು ಚಳಿ ತಡೆಯುತ್ತದೆ, ಬೇಗ ಹೂ ಬಿಡುತ್ತದೆ. ಚೆಂದಕ್ಕೆ ಮರುಳಾಗಿ ಇದರ ಗಂಡನ್ನು ತಂದು ಆರ್ಗ್ಯೂಟಾ ಹೆಣ್ಣಿನ ಪಕ್ಕ ನೆಡಬೇಡಿ. ಹೆಣ್ಣು ಅರಳುವ ಹೊತ್ತಿಗೆ ಗಂಡಿನ ಹೂವು ಮುಗಿದಿರುತ್ತದೆ.

ಬೀಜದ ಸಸಿ ಬೇಡ. ಗಂಡೋ ಹೆಣ್ಣೋ ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಬೇರೆ ದೇಶಕ್ಕೆ ಹೋದಾಗ ಸೂಟ್‌ಕೇಸಿನಲ್ಲಿ ಕಡ್ಡಿ ತರುವುದೂ ಬೇಡವೇ ಬೇಡ. ಕಿವಿಯ ಕಾಂಡ ಕೊಳೆಸುವ ಪಿಎಸ್ಎ ಎಂಬ ಬ್ಯಾಕ್ಟೀರಿಯಾ ರೋಗ 2010ರಲ್ಲಿ ನ್ಯೂಜಿಲೆಂಡಿನ ತೋಟಗಳನ್ನು ಹೇಗೆ ಹಾಳು ಮಾಡಿತು ಅನ್ನುವುದು ಎಲ್ಲ ಬೆಳೆಗಾರರಿಗೂ ನೆನಪಿದೆ. ಹತ್ತಿರದ, ನಂಬಿಕೆಯ ನರ್ಸರಿಯಿಂದಲೇ ಕೊಳ್ಳಿ.

ಮೊದಲು ಚಪ್ಪರ, ಆಮೇಲೆ ಗಿಡ

ಜಪಾನಿನ ಶಿಕೋಕು ದ್ವೀಪದಲ್ಲಿ ಇಯಾ ಅನ್ನುವ ಕಣಿವೆ ಇದೆ. ಅಲ್ಲಿ ನದಿಗೆ ಅಡ್ಡಲಾಗಿ ಸುಮಾರು 45 ಮೀಟರ್ ಉದ್ದದ ಬಳ್ಳಿ ಸೇತುವೆ ತೂಗುತ್ತದೆ. ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹೆಣೆಯುತ್ತಾರೆ. (ಈಗ ಒಳಗೆ ಉಕ್ಕಿನ ಹಗ್ಗವೂ ಇದೆ, ಪ್ರವಾಸಿಗರು ಜಾಸ್ತಿ ಅಲ್ವಾ.) ಆ ಬಳ್ಳಿ ಬೇರೆ ಯಾವುದೂ ಅಲ್ಲ, ಇದೇ ಹಾರ್ಡಿ ಕಿವಿ. ನರ್ಸರಿಯ ಕುಂಡದಲ್ಲಿ ಪೆನ್ಸಿಲ್ ದಪ್ಪಕ್ಕಿರುವ ಕಡ್ಡಿಯನ್ನು ನೋಡಿ ಬಿದಿರು ಕೋಲು ಸಾಕು ಅಂದುಕೊಳ್ಳುವವರು ಆ ಸೇತುವೆಯ ಫೋಟೊ ಒಮ್ಮೆ ನೋಡಬೇಕು.

ಚಪ್ಪರವನ್ನು ಟನಲ್‌ನ ಕಮಾನು ಪೈಪಿಗೆ ಕಟ್ಟಬೇಡಿ. ಎಲೆ, ಕಾಯಿಯ ಭಾರಕ್ಕೆ ಪೈಪು ಬಾಗುತ್ತದೆ. ಬೇರೆಯೇ ಕಂಬ ನೆಡಿ. ಟನಲ್ ಉದ್ದಕ್ಕೆ ಎರಡು ತುದಿಯಲ್ಲಿ ಗಟ್ಟಿ ಮರದ ಕಂಬ, ನೆಲದೊಳಗೆ ಎರಡಡಿ ಹೋಗಲಿ. ಮೇಲೆ ನಾಲ್ಕಡಿ ಅಗಲದ ಅಡ್ಡಪಟ್ಟಿ ಹೊಡೆದರೆ ಇಂಗ್ಲಿಷಿನ ಟಿ ಆಕಾರ ಬರುತ್ತದೆ. ಅದರ ಮೇಲೆ ನಡುವೆ ಒಂದು, ಎರಡೂ ಅಂಚಿಗೆ ಒಂದೊಂದು ತಂತಿ, ತುಕ್ಕು ಹಿಡಿಯದ್ದು. ಬಯಲಲ್ಲಾದರೆ 1.8 ಮೀಟರ್ ಎತ್ತರ ವಾಡಿಕೆ. ಸಣ್ಣ ಟನಲ್‌ನಲ್ಲಿ ಒಂದೂವರೆ ಮೀಟರಿಗೇ ನಿಲ್ಲಿಸಿ. ಎಲೆಗೂ ಪ್ಲಾಸ್ಟಿಕ್ ಹಾಳೆಗೂ ಕನಿಷ್ಠ ಒಂದಡಿ ಅಂತರ ಬೇಕು. ಹಾಳೆಗೆ ತಗುಲಿದ ಎಲೆ ಬೇಸಿಗೆಯಲ್ಲಿ ಸುಟ್ಟುಹೋಗುತ್ತದೆ, ಫ್ರಾಸ್ಟಿನಲ್ಲಿ ಮೊದಲು ಹೆಪ್ಪುಗಟ್ಟುತ್ತದೆ.

ಗಿಡದಿಂದ ಗಿಡಕ್ಕೆ ಮೂರು ಮೀಟರ್. ಆರು ಮೀಟರ್ ಉದ್ದದ ಟನಲ್‌ಗೆ ಒಂದು ಹೆಣ್ಣು, ಒಂದು ಗಂಡು, ಅಷ್ಟೇ. ಇನ್ನೊಂದು ತುರುಕುವ ಆಸೆ ಬರುತ್ತದೆ, ಬೇಡ.

ನೆಡುವುದು

ಗಿಡ ಇನ್ನೂ ಮಲಗಿರುವಾಗ, ಅಂದರೆ ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ನೆಡಿ. ಮಣ್ಣು ಸ್ವಲ್ಪ ಹುಳಿ ಇರಬೇಕು, ಪಿಎಚ್ 5.5ರಿಂದ 6.5. ಅದಕ್ಕಿಂತ ಮುಖ್ಯ ನೀರು ಬಸಿಯುವುದು. ಇದರ ಬೇರು ಮೇಲುಮೇಲೆ ಹರಡುವ ಮೆತ್ತನೆ ಬೇರು. ನೀರು ನಿಂತರೆ ಬೇರು ಕೊಳೆ ಹಿಡಿದು ವಾರದಲ್ಲಿ ಗಿಡ ಬಾಡುತ್ತದೆ, ಆಮೇಲೆ ಔಷಧಿ ಇಲ್ಲ. ಜೇಡಿ ಮಣ್ಣಾದರೆ ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಕುಂಡದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳ. ಗುಂಡಿಗೆ ಹಸಿ ಸಗಣಿ ಗೊಬ್ಬರ, ರಾಸಾಯನಿಕ ಗೊಬ್ಬರ ಹಾಕಬೇಡಿ, ಬೇರು ಸುಡುತ್ತದೆ. ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಮೇಲಿನ ಮಣ್ಣಿಗೆ ಬೆರೆಸಿ, ಬುಡಕ್ಕೆ ತಾಗದಂತೆ ಸುತ್ತ ತರಗೆಲೆ ಮುಚ್ಚಿಗೆ ಕೊಡಿ.

ನೆಟ್ಟ ದಿನವೇ ಬುಡದ ಸುತ್ತ ಎರಡಡಿ ಎತ್ತರದ ಕೋಳಿ ಜಾಲರಿ ಸುತ್ತಿ. ಬೆಕ್ಕುಗಳಿಗಾಗಿ. ನಗಬೇಡಿ, ಈ ಕುಲದ ಗಿಡಗಳ ವಾಸನೆಗೆ ಬೆಕ್ಕುಗಳಿಗೆ ಹುಚ್ಚು ಹಿಡಿಯುತ್ತದೆ. ಎಳೆ ಕಾಂಡವನ್ನು ಜಗಿಯುತ್ತವೆ, ಬುಡದಲ್ಲಿ ಹೊರಳಾಡುತ್ತವೆ, ಬೇರು ಕೆದಕುತ್ತವೆ. ನಮ್ಮ ಬೀದಿಯ ಬೆಕ್ಕುಗಳೆಲ್ಲ ಟನಲ್ ಬಾಗಿಲಲ್ಲಿ ಬಂದು ಕೂರುವುದು ನಾನೇ ನೋಡಿದ್ದೇನೆ. ಕಾಂಡ ಹೆಬ್ಬೆರಳು ದಪ್ಪವಾಗುವವರೆಗೆ ಜಾಲರಿ ತೆಗೆಯಬೇಡಿ.

ಮೊದಲ ಎರಡು ಮೂರು ವರ್ಷ

ಈ ವರ್ಷಗಳಲ್ಲಿ ಹಣ್ಣಿನ ಯೋಚನೆ ಬಿಡಿ, ಕಾಂಡ ನೆಟ್ಟಗೆ ಬರುವಂತೆ ನೋಡಿಕೊಳ್ಳಿ. ಬಂದ ಚಿಗುರುಗಳಲ್ಲಿ ಬಲವಾದ ಒಂದನ್ನು ಉಳಿಸಿ, ಉಳಿದವನ್ನು ಚಿವುಟಿ. ಪಕ್ಕದ ಕೋಲಿಗೆ ಒಂದೊಂದು ಗೇಣಿಗೆ ಸಡಿಲವಾಗಿ ಕಟ್ಟಿ. ಬಳ್ಳಿ ಕೋಲನ್ನು ಸುತ್ತಿಕೊಳ್ಳಲು ನೋಡುತ್ತದೆ. ಸುತ್ತಲು ಬಿಟ್ಟರೆ ಮುಂದೆ ಕಾಂಡ ದಪ್ಪವಾದಾಗ ತನ್ನನ್ನೇ ಬಿಗಿದುಕೊಳ್ಳುತ್ತದೆ. ವಾರಕ್ಕೊಮ್ಮೆ ಹೋಗಿ ಬಿಡಿಸಿ ನೆಟ್ಟಗೆ ಕಟ್ಟಿ.

ಬೆಳೆಯುತ್ತಾ ಒಂದು ಹಂತದಲ್ಲಿ ತುದಿ ಸಣ್ಣಗಾಗಿ, ಗಿಣ್ಣುಗಳ ನಡುವಿನ ಅಂತರ ಉದ್ದವಾಗಿ, ಗಾಳಿಯಲ್ಲಿ ಸುಮ್ನೆ ಸುತ್ತಾಡಲು ಶುರುಮಾಡುತ್ತದೆ. ಅದು ದಣಿದ ಗುರುತು. ಆ ತುದಿಯಿಂದ ಒಳ್ಳೆಯ ಕಾಂಡ ಬರುವುದಿಲ್ಲ. ಪೆನ್ಸಿಲ್ ದಪ್ಪ ಇರುವ ಜಾಗದವರೆಗೆ ಕತ್ತರಿಸಿ ಹಾಕಿ, ಕೆಳಗಿನ ಮೊಗ್ಗು ಹೊಸ ಜೋರಿನಲ್ಲಿ ಏಳುತ್ತದೆ. ತಂತಿಯ ಎತ್ತರ ಮುಟ್ಟಿದ ಮೇಲೆ ತಂತಿಗಿಂತ ನಾಲ್ಕು ಬೆರಳು ಕೆಳಗೆ ತಲೆ ಚಿವುಟಿ. ಬರುವ ಎರಡು ಕುಡಿಗಳನ್ನು ನಡು ತಂತಿಯ ಮೇಲೆ ಎಡಕ್ಕೊಂದು ಬಲಕ್ಕೊಂದು ಹರಿಸಿ. ಇವೇ ಬಳ್ಳಿಯ ಕಾಯಂ ತೋಳುಗಳು. ಎಳೆ ಕಾಂಡದ ತೊಗಟೆ ಚಳಿಗೆ ಸೀಳುತ್ತದೆ, ಹಾಗಾಗಿ ಮೊದಲ ಮೂರು ಚಳಿಗಾಲ ಬುಡಕ್ಕೆ ಗೋಣಿ ಪಟ್ಟಿ ಸುತ್ತಿ.

ಹಣ್ಣು ಬರಲು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಇಸ್ಸಾಯ್ ಒಂದು ವರ್ಷ ಮೊದಲೇ ಕೊಡಬಹುದು.

ಏಪ್ರಿಲ್–ಮೇ: ನಿದ್ದೆಗೆಡುವ ರಾತ್ರಿಗಳು

ಮೊಗ್ಗು ಉಬ್ಬಿ ಹಸಿರು ಕಂಡ ದಿನದಿಂದ ಹವಾಮಾನ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕನಿಷ್ಠ 2 ಡಿಗ್ರಿ ಅಂತ ತೋರಿಸಿದರೂ ನಂಬಬೇಡಿ. ತಗ್ಗು ಹಿತ್ತಲಿನಲ್ಲಿ ಅದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಟನಲ್ ಒಳಗೆ ಬಳ್ಳಿಯ ಮಟ್ಟದಲ್ಲಿ ಕನಿಷ್ಠ ತಾಪ ದಾಖಲಿಸುವ ಒಂದು ಥರ್ಮಾಮೀಟರ್ ನೇತುಹಾಕಿ.

ಅಂಥ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಬಾಗಿಲು ಮುಚ್ಚಿ, ಇನ್ನೂ ಬಿಸಿಲಿರುವಾಗಲೇ. ಮಣ್ಣು ಒಣಗಿದ್ದರೆ ಬೆಳಿಗ್ಗೆಯೇ ನೀರು ಕೊಟ್ಟಿರಿ. ಒದ್ದೆ ಮಣ್ಣು ಹಗಲಿನ ಶಾಖ ಹಿಡಿದು ರಾತ್ರಿ ಬಿಡುತ್ತದೆ. ಸಂಜೆ ಚಪ್ಪರದ ಮೇಲೆ ತೋಟದ ಫ್ಲೀಸ್ ಬಟ್ಟೆ ಎರಡು ಪದರ ಹೊದಿಸಿ, ಎರಡೂ ಬದಿ ನೆಲದವರೆಗೆ ಇಳಿಬಿಡಿ. ನೆಲದ ಶಾಖ ಒಳಗೇ ಉಳಿಯಬೇಕಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ಫ್ಲೀಸ್ ತೆಗೆದು ಬಾಗಿಲು ತೆರೆಯಿರಿ. ಮರೆತು ಕೆಲಸಕ್ಕೆ ಹೋದಿರೋ, ಹತ್ತು ಗಂಟೆಗೆ ಒಳಗೆ ಒಲೆ. ಮೇ ಕೊನೆಯವರೆಗೆ ಈ ಆಟ. ಎಲ್ಲ ವರ್ಷ ಸೇರಿಸಿದರೂ ಮುಚ್ಚಿಗೆಯ ನಿಜವಾದ ಉಪಯೋಗ ಈ ಕೆಲವೇ ರಾತ್ರಿಗಳಲ್ಲಿ.

ಹೂವು ಮತ್ತು ಪರಾಗ

ಮೇ ಕೊನೆ, ಜೂನ್ ಮೊದಲಲ್ಲಿ ಎಲೆಯ ಅಡಿಯಲ್ಲಿ ಹೂವು ತಲೆಕೆಳಗಾಗಿ ತೂಗುತ್ತವೆ. ಸಣ್ಣ ಕೆನೆ ಬಿಳಿ ಹೂವು, ಹತ್ತಿರ ಹೋದರೆ ಮಂದ ಸುವಾಸನೆ. ಒಂದನ್ನು ತಿರುಗಿಸಿ ನೋಡಿ. ಗಂಡು ಹೂವಿನಲ್ಲಿ ಕಪ್ಪು ನೇರಳೆ ಪರಾಗ ಚೀಲಗಳ ಗೊಂಚಲು ಮಾತ್ರ ಇರುತ್ತದೆ. ಹೆಣ್ಣು ಹೂವಿನಲ್ಲೂ ಕಪ್ಪು ಚೀಲ ಕಾಣುತ್ತವೆ, ಆದರೆ ಅವುಗಳ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ನಡುವೆ ಪುಟ್ಟ ಹಸಿರು ಕಾಯಿ, ಅದರ ನೆತ್ತಿಯಲ್ಲಿ ಬಿಳಿ ಎಳೆಗಳು ಚಕ್ರದ ಕಡ್ಡಿಗಳಂತೆ ಸುತ್ತ ಹರಡಿರುತ್ತವೆ. ಈ ಎಳೆಗಳಿಗೆ ಪರಾಗ ತಾಗಬೇಕು.

ಕಿವಿ ಹೂವಿನಲ್ಲಿ ಮಕರಂದ ಇಲ್ಲ. ಹಾಗಾಗಿ ಜೇನುಹುಳಕ್ಕೆ ಅಷ್ಟೇನೂ ಆಸಕ್ತಿ ಇಲ್ಲ, ಟನಲ್ ಒಳಗೆ ಹುಡುಕಿಕೊಂಡು ಬರುವುದು ಇನ್ನೂ ಕಡಿಮೆ. ಬಾಗಿಲು ತೆರೆದಿಡಿ, ದುಂಬಿಗಳು ಸ್ವಲ್ಪ ಕೆಲಸ ಮಾಡುತ್ತವೆ. ಆದರೆ ನೆಚ್ಚಿಕೊಳ್ಳಬೇಡಿ. ಬೆಳಿಗ್ಗೆ ಹೂವಿನ ಮೇಲಿನ ತೇವ ಆರಿದ ಮೇಲೆ, ಆಗತಾನೇ ಅರಳಿದ ಗಂಡು ಹೂವೊಂದನ್ನು ಕಿತ್ತು, ದಳ ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ಎಳೆಗಳ ಮೇಲೆ ಮೆಲ್ಲಗೆ ಸುತ್ತಿಸಿ. ಒಂದು ಗಂಡು ಹೂವಿನಿಂದ ಐದಾರು ಹೆಣ್ಣು ಹೂವಿಗೆ ಆಗುತ್ತದೆ. ಎರಡು ದಿನ ಬಿಟ್ಟು ಮತ್ತೆ ಮಾಡಿ, ಎಲ್ಲ ಒಂದೇ ದಿನ ಅರಳುವುದಿಲ್ಲ. ದಳ ಕಂದಾದ ಹೂವಿನ ಕಾಲ ಮುಗಿದಿರುತ್ತದೆ.

ಜಾಗ ಇಲ್ಲ ಅಂತ ಗಂಡನ್ನು ಹೊರಗೆ ನೆಟ್ಟರೆ ಅದು ಒಳಗಿನ ಹೆಣ್ಣಿಗಿಂತ ತಡವಾಗಿ ಅರಳುತ್ತದೆ. ಅದನ್ನೂ ಒಳಗೇ ಇಡಿ, ಹೂವು ಮುಗಿದ ತಕ್ಷಣ ಗಟ್ಟಿಯಾಗಿ ಸವರಿ ಜಾಗ ಬಿಡಿಸಿಕೊಳ್ಳಿ. ಗಂಡಿಗೆ ಕಾಯಿಯ ಹೊರೆ ಇಲ್ಲವಲ್ಲ, ಎಷ್ಟು ಕತ್ತರಿಸಿದರೂ ನಡೆಯುತ್ತದೆ.

ಬೇಸಿಗೆ

ನೀರು, ಗಾಳಿ, ಕತ್ತರಿ. ದೊಡ್ಡ ಎಲೆಯ ಬಳ್ಳಿ ಇದು, ಟನಲ್‌ಗೆ ಮಳೆಯೂ ಬೀಳುವುದಿಲ್ಲ. ಬಿಸಿಲು ಜೋರಿರುವ ದಿನ ಬಲಿತ ಬಳ್ಳಿಗೆ ಒಂದು ಬಕೆಟ್ ಏನೇನೂ ಸಾಲದು, ಹನಿ ನೀರಾವರಿ ಪೈಪು ಹಾಕಿಬಿಡುವುದು ವಾಸಿ. ಒಳಗೆ 30 ಡಿಗ್ರಿ ದಾಟಿದರೆ ಬಾಗಿಲು ಪೂರ್ತಿ ತೆಗೆದು ನೆರಳು ಬಲೆ ಎಳೆಯಿರಿ. ಒಣಗಾಳಿ ಆದರೆ ಎಲೆಯಡಿ ಕೆಂಪು ನುಸಿ ಸೇರಿಕೊಳ್ಳುತ್ತದೆ, ಎಲೆ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ ಕಂಡರೆ ಅದೇ. ನೆಲಕ್ಕೆ ನೀರು ಚಿಮುಕಿಸಿ ತೇವ ಹೆಚ್ಚಿಸಿ, ಎಲೆಯ ಅಡಿಭಾಗ ತೊಳೆಯಿರಿ.

ಕಾಯಿ ಕಟ್ಟಿದ ಕುಡಿಗಳನ್ನು ಕೊನೆಯ ಕಾಯಿಯ ಆಚೆ ಐದಾರು ಎಲೆ ಬಿಟ್ಟು ಚಿವುಟಿ. ಕಾಯಿ ಇಲ್ಲದೆ ಹುಚ್ಚೆದ್ದು ಬೆಳೆಯುವ ಕುಡಿಗಳಲ್ಲಿ ಮುಂದಿನ ವರ್ಷಕ್ಕೆ ಬೇಕಾದವನ್ನು ಉಳಿಸಿ ಮಿಕ್ಕವು ತೆಗೆಯಿರಿ. ಚಪ್ಪರದಡಿ ನಿಂತರೆ ನೆಲದ ಮೇಲೆ ಬಿಸಿಲಿನ ಚುಕ್ಕೆ ಬೀಳುತ್ತಿರಬೇಕು.

ಕೊಯ್ಲು, ಅಡುಗೆಮನೆ

ಸೆಪ್ಟೆಂಬರಿನಿಂದ ನೋಡುತ್ತಿರಿ. ಬಣ್ಣ ನೋಡಿ ತಿಳಿಯುವುದಿಲ್ಲ, ಹೆಚ್ಚಿನ ತಳಿಗಳು ಹಣ್ಣಾದರೂ ಹಸಿರೇ. ಒಂದು ಕಾಯಿ ಅಡ್ಡ ಕೊಯ್ಯಿರಿ. ಬೀಜಗಳೆಲ್ಲ ಕಪ್ಪಾಗಿದ್ದರೆ ಬಲಿತಿದೆ ಅಂತ ಅರ್ಥ, ಕಂದಾಗಿದ್ದರೆ ಇನ್ನೂ ಕಾಯಿರಿ. ಎರಡು ಮೂರು ಕಾಯಿ ಒಳಗೆ ತಂದಿಡಿ. ವಾರದೊಳಗೆ ಮೆತ್ತಗಾಗಿ ಸಿಹಿ ಬಂದರೆ ಉಳಿದದ್ದನ್ನೂ ಗಟ್ಟಿ ಇರುವಾಗಲೇ ಕೊಯ್ದು ಫ್ರಿಜ್ಜಿನಲ್ಲಿಡಿ, ಹಲವು ವಾರ ಇರುತ್ತದೆ. ಬೇಕಾದಷ್ಟನ್ನು ಹೊರಗೆ ತೆಗೆದು ಬಾಳೆಹಣ್ಣಿನ ಜೊತೆ ಇಟ್ಟರೆ ಬೇಗ ಹಣ್ಣಾಗುತ್ತದೆ. ಸಿಪ್ಪೆ ಕೊಂಚ ಸುಕ್ಕಾದಾಗ ರುಚಿ ಹೆಚ್ಚು.

ಹಾಲಿನ ಜೊತೆ ಸೀಕರಣೆ ಮಾಡುವವರು ಗಮನಿಸಿ. ಕಿವಿಯಲ್ಲಿ ಆಕ್ಟಿನಿಡಿನ್ ಎಂಬ ಕಿಣ್ವ ಇದೆ, ಹಾಲು ಮೊಸರಿನ ಪ್ರೋಟೀನನ್ನು ಒಡೆದು ಸ್ವಲ್ಪ ಹೊತ್ತಿಗೇ ಕಹಿ ಮಾಡುತ್ತದೆ. ಬೆರೆಸಿದ ಕೂಡಲೇ ತಿನ್ನಬೇಕು. ಹಣ್ಣಾಗದೆ ಉಳಿದ ಹುಳಿ ಕಾಯಿಗಳನ್ನು ಅನಾನಸಿನ ಬದಲು ಮೆಣಸ್ಕಾಯಿಗೆ (ಕರಾವಳಿಯ ಸಿಹಿ ಖಾರದ ಗೊಜ್ಜು) ಹಾಕಿ, ಬೆಲ್ಲ ಸ್ವಲ್ಪ ಜಾಸ್ತಿ ಇರಲಿ. ಲ್ಯಾಟೆಕ್ಸ್ ಅಲರ್ಜಿ ಇರುವವರಿಗೆ ಕಿವಿಯೂ ಆಗದೆ ಇರಬಹುದು, ಮಕ್ಕಳಿಗೆ ಮೊದಲ ಸಲ ಒಂದೇ ಕೊಟ್ಟು ನೋಡಿ.

ಚಳಿಗಾಲದ ಸವರಿಕೆ

ವಿಜಯಪುರದ ಕಡೆ ದ್ರಾಕ್ಷಿಗೆ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡುವುದನ್ನು ನೋಡಿದವರಿಗೆ ಇದು ಕಷ್ಟವಲ್ಲ. ಅಲ್ಲಿ ಏಪ್ರಿಲ್‌ಗೊಮ್ಮೆ, ಅಕ್ಟೋಬರ್‌ಗೊಮ್ಮೆ, ವರ್ಷಕ್ಕೆ ಎರಡು ಸಲ. ಇಲ್ಲಿ ದೊಡ್ಡ ಸವರಿಕೆ ಒಂದೇ, ಅದೂ ಡಿಸೆಂಬರ್, ಜನವರಿಯಲ್ಲೇ ಮುಗಿಯಬೇಕು. ತಡಮಾಡಿ ಮಾರ್ಚ್‌ನಲ್ಲಿ ಕತ್ತರಿ ಹಾಕಿದರೆ ಕೊಯ್ದ ಜಾಗದಿಂದ ದಿನಗಟ್ಟಲೆ ನೀರು ತೊಟ್ಟಿಕ್ಕುತ್ತದೆ, ಏನು ಹಚ್ಚಿದರೂ ನಿಲ್ಲುವುದಿಲ್ಲ.

ಕಾಯಿ ಬಿಡುವುದು ಈ ವರ್ಷದ ಚಿಗುರಿನಲ್ಲಿ, ಆ ಚಿಗುರು ಬರುವುದು ಕಳೆದ ವರ್ಷದ ಕಡ್ಡಿಯಿಂದ. ಈ ಒಂದು ಮಾತು ನೆನಪಿದ್ದರೆ ಕೈ ತಪ್ಪುವುದಿಲ್ಲ. ಕಾಯಂ ತೋಳುಗಳಿಗೆ ಹತ್ತಿರದಿಂದ ಹೊರಟ, ಬಿಸಿಲು ಕಂಡ, ಪೆನ್ಸಿಲ್ ದಪ್ಪದ, ಗಿಣ್ಣು ಹತ್ತಿರ ಹತ್ತಿರ ಇರುವ ಕಡ್ಡಿಗಳನ್ನು ಒಂದೊಂದು ಗೇಣಿಗೆ ಒಂದರಂತೆ ಉಳಿಸಿ, ಅಂಚಿನ ತಂತಿಗೆ ಕಟ್ಟಿ, ಅಲ್ಲಿಗೆ ತುದಿ ಕತ್ತರಿಸಿ. ಎರಡು ಮೂರು ವರ್ಷ ಕಾಯಿ ಕೊಟ್ಟ ಹಳೆಯ ಕವಲು, ಒಂದಕ್ಕೊಂದು ಹೆಣೆದುಕೊಂಡದ್ದು, ನೆರಳಲ್ಲಿ ಬೆಳೆದ ಸಣಕಲು, ಎಲ್ಲ ಹೋಗಲಿ. ಕಳೆದ ವರ್ಷದ ಬೆಳವಣಿಗೆಯಲ್ಲಿ ಮುಕ್ಕಾಲು ಪಾಲು ನೆಲಕ್ಕೆ ಬೀಳುತ್ತದೆ. ನೋಡಿದವರು ಗಿಡ ಕೊಂದೆಯಲ್ಲಾ ಅನ್ನುತ್ತಾರೆ. ಅನ್ನಲಿ.

ಕತ್ತರಿಸಿದ ರಾಶಿಯನ್ನು ಕಾಡಂಚಿಗೆ ಎಸೆಯಬೇಡಿ. ಅಮೆರಿಕದ ಮಸಾಚುಸೆಟ್ಸ್‌ನ ಲೆನಾಕ್ಸ್ ಹತ್ತಿರ ಈ ಬಳ್ಳಿ ತೋಟ ದಾಟಿ ಕಾಡಿಗೆ ಹೋಗಿ ಮರಗಳನ್ನೇ ಮುಚ್ಚಿದೆ. ಹೊಸ ಗಿಡ ಬೇಕಿದ್ದರೆ ಇದೇ ಕಡ್ಡಿಗಳಲ್ಲಿ ಒಳ್ಳೆಯದನ್ನು ಗೇಣುದ್ದ ಕತ್ತರಿಸಿ ಮರಳು ಬೆರೆಸಿದ ಮಣ್ಣಿನಲ್ಲಿ ಊರಿ. ಜೂನ್–ಜುಲೈನ ಎಳೆ ಕಡ್ಡಿಗೆ ಬೇರಿನ ಹಾರ್ಮೋನ್ ಪುಡಿ ಹಚ್ಚಿ ನೆಟ್ಟರೆ ಇನ್ನೂ ಸುಲಭವಾಗಿ ಬೇರು ಬಿಡುತ್ತದೆ. ಹೆಣ್ಣಿನ ಕಡ್ಡಿಯಿಂದ ಹೆಣ್ಣೇ, ಗಂಡಿನಿಂದ ಗಂಡೇ. ಎಲೆಯಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಊರಿದ ದಿನವೇ ಕುಂಡಕ್ಕೆ ಹೆಸರು ಬರೆದ ಚೀಟಿ ಸಿಕ್ಕಿಸಿ. ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಒಂದು ಬೇಸಿಗೆಗೆ ಅಳಿಸಿಹೋಗುತ್ತದೆ, ಸೀಸದ ಕಡ್ಡಿಯಲ್ಲಿ ಬರೆಯಿರಿ.